ಬೀಳುವ ಕೆಲಸ, ಕೂಗುವ ಕೆಲಸ

ನನ್ನ ಹೆಸರು ಚಮನ್‌ಸಾಬ್, ಊರು ಬಸವಾಪಟ್ಟಣ. ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಮುಖ ನೋಡಿದರೆ ಅರ್ಧ ಗೊತ್ತಾಗುತ್ತದೆ. ಚನ್ನಗಿರಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಎರಡು ಸಲ ತಿರುಗಿ ನೋಡುತ್ತಾರೆ, ಮೂರನೇ ಸಲ ಕೇಳಿಯೇ ಬಿಡುತ್ತಾರೆ. "ನೀವು ಅವರಲ್ವೇನ್ರೀ? ಪಿಕ್ಚರ್‌ನಾಗೆ ಮೊದಲ್ನೇ ಫೈಟಿಗೇ ಸಾಯ್ತಾರಲ್ಲ, ಅವರು?" ಹೌದು ಸ್ವಾಮಿ, ಅವನೇ ನಾನು. ಹಾಗಂತ ಬಾಯಿ ಬಿಟ್ಟ ತಕ್ಷಣ ಉಳಿದರ್ಧವೂ ಗೊತ್ತಾಗುತ್ತದೆ. "ಅಯ್ಯೋ, ಕಬಡ್ಡಿ ಕಾಮೆಂಟ್ರಿಯೋರು!"

ಹನ್ನೊಂದು ವರ್ಷ ಕಬಡ್ಡಿ ಆಡಿದೆ. ಇಪ್ಪತ್ತಾರು ವರ್ಷ ಮೈಕ್ ಹಿಡಿದೆ. ಅದರ ಜೊತೆಜೊತೆಗೆ ಸಣ್ಣ ಬಜೆಟ್ಟಿನ ಹೊಡೆದಾಟದ ಸಿನಿಮಾಗಳಲ್ಲಿ ಖಳನಾಯಕನ ಹಿಂದೆ ನಿಲ್ಲುವವನಾಗಿ, ನಾಯಕನ ಕೈಲಿ ಒದೆ ತಿಂದು ಬೀಳುವವನಾಗಿ ಕೆಲಸ ಮಾಡಿದೆ. ಒಂದು ವಾರ ಓಡಿದರೆ ಅದೇ ದೊಡ್ಡದು ಅನ್ನುವಂಥ ಸಿನಿಮಾಗಳು ಅವು. ಈಗ ಎರಡನ್ನೂ ಬಿಟ್ಟು ಮನೆಯಲ್ಲಿದ್ದೇನೆ. ಮೊಬೈಲಿನಲ್ಲಿ ಪಂದ್ಯ ಲೈವ್ ಮಾಡುವ ಹುಡುಗರು ಬಂದು, "ಅಣ್ಣಾ, ಕಾಮೆಂಟ್ರಿ ಹೇಳಾಕೆ ಏನು ಕಲೀಬೇಕು?" ಅಂತ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಶಾಲು, ಹಾರ, ಸನ್ಮಾನದ ಸುದ್ದಿ ಇದರಲ್ಲಿಲ್ಲ. ಅವನ್ನು ಕೇಳಬೇಕೆಂದಿದ್ದರೆ ನನ್ನ ಹೆಂಡತಿ ಮಹಬೂಬಿಯನ್ನು ಕೇಳಿ, ಶಾಲುಗಳನ್ನೆಲ್ಲ ದಿಂಬಿನ ಒಳಗೆ ತುಂಬಿದ್ದಾಳೆ. ನಾನು ಹೇಳಬೇಕಿರುವುದು ಬೇರೆ. ಜಗಳೂರಿನ ಮೈದಾನದಲ್ಲಿ ನಾನಾಡಿದ ಒಂದು ಮಾತಿಗೆ ಒಬ್ಬ ಆಟಗಾರನ ಮೊಣಕಾಲು ಹೋಯಿತು. ಆ ಮಾತು ನನ್ನ ಬಾಯಿಗೆ ಹೇಗೆ ಬಂತು ಅಂತ ತಿಳಿಯಬೇಕಾದರೆ ಎರಡು ಕೆಲಸವನ್ನೂ ಮೊದಲಿಂದ ಹೇಳಬೇಕು.

ನಾನು ರೈಡರ್ ಆಗಿದ್ದೆ. ಎದುರಾಳಿಯ ಅಂಗಳಕ್ಕೆ ಉಸಿರು ಕಟ್ಟಿ ನುಗ್ಗಿ, ಮುಟ್ಟಿ, ವಾಪಸ್ ಓಡಿ ಬರುವವನು. ಚನ್ನಗಿರಿಯ ಒಂದು ಪಂದ್ಯದಲ್ಲಿ ನಾಲ್ಕು ಜನ ಮೇಲೆ ಬಿದ್ದು ಬಲಭುಜ ಕೀಲು ತಪ್ಪಿತು. ಕೂಡಿಸಿದರು, ಮತ್ತೆ ತಪ್ಪಿತು. ಮೂರನೇ ಸಲ ಕೂಡಿಸಿದ ಡಾಕ್ಟರು, "ಇನ್ನು ಕಬಡ್ಡಿ ನೋಡಬಹುದು, ಆಡೋ ಹಾಗಿಲ್ಲ" ಅಂದರು. ಆಗ ನನಗೆ ಮೂವತ್ತು. ಆದರೂ ಪಂದ್ಯ ಇದ್ದಲ್ಲೆಲ್ಲ ಹೋಗಿ ಗೆರೆಯ ಪಕ್ಕ ಕೂತು, ಹಿಡೀರೋ, ಬಿಡ್ರೋ, ಕಾಲು ನೋಡ್ರೋ ಅಂತ ಅರಚುತ್ತಿದ್ದೆ. ಒಂದು ದಿನ ಚನ್ನಗಿರಿಯ ಅಡಿಕೆ ಮಂಡಿಯ ರುದ್ರಪ್ಪನವರು, ಅಲ್ಲಿಯ ಪಂದ್ಯಾವಳಿ ನಡೆಸುತ್ತಿದ್ದವರು, ನನ್ನ ರಟ್ಟೆ ಹಿಡಿದು ಎಬ್ಬಿಸಿದರು.

"ಇಲ್ಲಿ ಕುಂತು ಬಾಯಿ ಬಡ್ಕೊಳ್ಳೋ ಬದಲು, ಅಲ್ಲಿ ಮೈಕ್‌ನಾಗೆ ಬಡ್ಕೋ ನಡಿ. ಊರಿಗಾದ್ರೂ ಕೇಳ್ತೈತೆ."

ಮೈಕಿನ ಮುಂದೆ ಆಗ ಕೂರುತ್ತಿದ್ದವರು ಹೊನ್ನಾಳಿಯ ಹಾಲೇಶಪ್ಪ ಮೇಷ್ಟ್ರು, ಹೈಸ್ಕೂಲಿನ ಡ್ರಿಲ್ ಮಾಸ್ಟರು. ನಮ್ಮ ಕಡೆ ಎಲ್ಲಿ ಕಬಡ್ಡಿ ಆದರೂ ಅವರದೇ ದನಿ. ನನ್ನನ್ನು ಶಿಷ್ಯ ಮಾಡಿಕೊಂಡರು ಅನ್ನುವುದಕ್ಕಿಂತ ಹಿಡಿದು ಹಾಕಿಕೊಂಡರು ಅನ್ನಬೇಕು. ಅವರ ಪಾಠ ಇಷ್ಟೇ. ಅವರು ಅಂಗಳಕ್ಕೆ ಬೆನ್ನು ಮಾಡಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು, ನಾನು ಆಟ ನೋಡಿ ಹೇಳಬೇಕು. "ನನಗೆ ಕಾಣಂಗೆ ಹೇಳಪ್ಪ" ಅನ್ನುತ್ತಿದ್ದರು. ಯಾರು ಯಾವ ಕಡೆಯಿಂದ ಹಿಡಿದ, ಯಾವ ಕಾಲು, ರೈಡರ್ ಎಲ್ಲಿದ್ದಾನೆ, ಒಂದು ಮಾತು ಬಿಟ್ಟರೂ ತೊಡೆಗೆ ಚಿವುಟುತ್ತಿದ್ದರು. ಡ್ರಿಲ್ ಮಾಸ್ಟರ ಚಿವುಟು ಅಂದರೆ ಸುಮ್ಮನೆ ಅಲ್ಲ. ಪಂದ್ಯಾವಳಿ ಮುಗಿಯುವಷ್ಟರಲ್ಲಿ ನನ್ನ ತೊಡೆ ನೀಲಿಗಟ್ಟಿತ್ತು.

"ಕಣ್ಣು ಕಂಡಿದ್ದು ಹೇಳು. ಕಾಣದಿದ್ರೆ ಬಾಯಿ ಮುಚ್ಕೋ. ಮಧ್ಯೆ ನಿನ್ನ ಮನಸ್ಸಿಗೆ ಬಂದಿದ್ದು ಯಾರಿಗೂ ಬೇಕಾಗಿಲ್ಲ" ಅನ್ನುತ್ತಿದ್ದರು.

ಮೊದಲ ದೊಡ್ಡ ಎಡವಟ್ಟು ಅವರ ಊರಿನಲ್ಲೇ ಆಯಿತು. ನಮ್ಮ ಕಡೆ ಪಂದ್ಯ ಅಂದಮೇಲೆ ಚೀಟಿ ಇದ್ದೇ ಇರುತ್ತದೆ. ಶಾಮಿಯಾನ ಕೊಟ್ಟವರು, ಊಟ ಹಾಕಿಸಿದವರು, ಕಪ್ ಕೊಟ್ಟವರು, ಎಲ್ಲರ ಹೆಸರನ್ನೂ ಚೀಟಿಯಲ್ಲಿ ಬರೆದು ಮೈಕಿನ ಮುಂದೆ ತಂದಿಡುತ್ತಾರೆ. ಈಗಲೇ ಓದಬೇಕು ಅಂತ ತಲೆ ಮೇಲೆ ನಿಲ್ಲುತ್ತಾರೆ. ನಾನು ತಲೆ ತಗ್ಗಿಸಿ ಶಾಮಿಯಾನದವರ ಹೆಸರು ಓದಿ ಮುಗಿಸಿದ್ದೇ ತಡ, ಮೈದಾನಕ್ಕೆ ಮೈದಾನವೇ ಎದ್ದು ಕೂಗಿತು. ನನಗೋ ಖುಷಿ. "ನೋಡ್ರಿ, ದಾನಿಗಳಿಗೆ ಎಂಥ ಚಪ್ಪಾಳೆ!" ಅಂದೆ. ಅಂಗಳದಲ್ಲಿ ಒಬ್ಬನೇ ರೈಡರ್ ನಾಲ್ಕು ಜನರನ್ನು ಎಳೆದುಕೊಂಡು ಗೆರೆ ಮುಟ್ಟಿದ್ದ. ಆ ಇಡೀ ಪಂದ್ಯಾವಳಿಯ ಅತ್ಯುತ್ತಮ ರೈಡು ಅದು, ಅದನ್ನು ಕಾಣದವನು ಮೈಕ್ ಹಿಡಿದಿದ್ದ ನಾನೊಬ್ಬನೇ. ಮೇಷ್ಟ್ರು ಅವತ್ತು ಚಿವುಟಲಿಲ್ಲ. ಮೈಕ್ ಕಿತ್ತುಕೊಂಡರು.

ಸಿನಿಮಾಕ್ಕೆ ಹೋಗಿದ್ದು ನಾನಲ್ಲ, ಅದೇ ಬಂತು. ಚನ್ನಗಿರಿಯ ಬೆಟ್ಟದಲ್ಲಿ ಹೊಡೆದಾಟದ ಚಿತ್ರೀಕರಣ ಅಂತ ಒಂದು ತಂಡ ಬಂದಿತ್ತು. ಬೆಂಗಳೂರಿನಿಂದ ಫೈಟರ್‌ಗಳನ್ನು ಕರೆತಂದು ಸಾಕುವ ಶಕ್ತಿ ಅವರಿಗಿರಲಿಲ್ಲ. ಬೀಳಲು ಗೊತ್ತಿರುವ ಗಟ್ಟಿ ಜನ ಬೇಕು ಅಂದಾಗ ರುದ್ರಪ್ಪನವರು ಕಬಡ್ಡಿಯವರಾದ ನಮ್ಮನ್ನೇ ತೋರಿಸಿದರು. ಭುಜದ ವಿಷಯ ಮುಚ್ಚಿಟ್ಟು ನಾನೂ ಸಾಲಿನಲ್ಲಿ ನಿಂತೆ.

ಬೀಳುವುದೇನು ಮಹಾ ಅಂದುಕೊಂಡಿದ್ದೆ. ಫೈಟ್ ಮಾಸ್ಟರ್ ಡೇವಿಡ್ ಅಂತ, ಕುಳ್ಳಗಿನ ಮನುಷ್ಯ, ಬಾಯಿ ಮಾತ್ರ ಮೈಕಿಗಿಂತ ಜೋರು. ನಾಯಕ ಒದ್ದ, ನಾನು ಬಿದ್ದೆ. "ಕಟ್! ಯಾಕ್ರೀ ಸತ್ತ ಮೇಲೆ ಕೈ ಚಾಚ್ತೀರಾ?" ಅಂತ ಕೂಗಿದರು. ಹೌದಲ್ಲ! ಹನ್ನೊಂದು ವರ್ಷ ಬಿದ್ದಾಗಲೆಲ್ಲ ಮಧ್ಯದ ಗೆರೆಗೆ ಕೈ ಚಾಚಿದ ದೇಹ ಅದು, ಸತ್ತರೂ ಚಾಚುತ್ತಿತ್ತು. ಇನ್ನೊಂದು ಟೇಕ್, ಮತ್ತೆ ಚಾಚಿದೆ. ಏಳನೇ ಟೇಕಿಗೆ ಮಾಸ್ಟರು ನನ್ನ ಕೈಗೆ ಒಂದು ಕೋಲು ಕೊಟ್ಟು, "ಇದನ್ನ ಹಿಡ್ಕೊಂಡೇ ಸಾಯಪ್ಪ ಮಾರಾಯ" ಅಂದರು. ಆಮೇಲೆ ಅವರೇ ಕಲಿಸಿದರು. ಗದ್ದ ಎದೆಗೆ ಒತ್ತಬೇಕು, ಉಸಿರು ಹೊರಗೆ ಬಿಡುತ್ತಾ ಬೀಳಬೇಕು, ಬಿದ್ದ ಮೇಲೆ ಅಂಗಾತ ಹೊರಳಿ ಕೈ ಎರಡೂ ಬಿಚ್ಚಬೇಕು, ಆಗ ಕ್ಯಾಮೆರಾಕ್ಕೆ ಮುಖ ಸಿಗುತ್ತದೆ. ಹೆಣವಾಗಿ ಮಲಗುವುದರಲ್ಲಿ ಮಾತ್ರ ನನ್ನನ್ನು ಮೀರಿಸುವವರು ಇರಲಿಲ್ಲ. ಕಬಡ್ಡಿಯ ಉಸಿರು ಅಲ್ಲಿ ಉಪಯೋಗಕ್ಕೆ ಬಂತು. ನಾಯಕಿ ಎಷ್ಟು ಹೊತ್ತು ಅತ್ತರೂ ನನ್ನ ಎದೆ ಅಲುಗುತ್ತಿರಲಿಲ್ಲ.

ಹೀಗೆ ಎರಡು ಕೆಲಸ ಅಂಟಿಕೊಂಡವು. ಚಳಿಗಾಲ, ಬೇಸಿಗೆಯಲ್ಲಿ ಪಂದ್ಯ, ನಡುವೆ ಎಲ್ಲಿ ಕರೆದರೆ ಅಲ್ಲಿ ಬೀಳುವುದು. ಎರಡು ದೋಣಿ ಮೇಲೆ ಕಾಲಿಟ್ಟವನ ಪಾಡು ಏನು ಅಂತ ನ್ಯಾಮತಿಯಲ್ಲಿ ತಿಳಿಯಿತು. ಬೆಳಿಗ್ಗೆ ಚಿತ್ರೀಕರಣ, ಮಧ್ಯಾಹ್ನ ನ್ಯಾಮತಿಯಲ್ಲಿ ಸೆಮಿಫೈನಲ್. ಚಿತ್ರೀಕರಣ ತಡವಾಯಿತು. ಹಣೆ ಮೇಲೆ ಹಚ್ಚಿದ್ದ ಸುಳ್ಳು ಗಾಯ ತೊಳೆಯಲೂ ಪುರಸೊತ್ತಿಲ್ಲದೆ ಬೈಕಿನಲ್ಲಿ ಓಡಿ ಬಂದೆ. ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ ಕಲಸಿದ ರಕ್ತ, ದಾರಿಯುದ್ದಕ್ಕೂ ನೊಣ ಮುತ್ತಿದ್ದವು. ಬೆಳಿಗ್ಗೆಯೇ ಆ ಮೈದಾನದಲ್ಲಿ ಎರಡು ಊರಿನ ತಂಡಗಳಿಗೆ ಅಂಕದ ವಿಷಯಕ್ಕೆ ಜಟಾಪಟಿ ಆಗಿತ್ತಂತೆ. ನನಗೇನು ಗೊತ್ತು? ರಕ್ತ ಸುರಿಸಿಕೊಂಡು ವೇದಿಕೆ ಹತ್ತಿದೆ.

"ನಮ್ಮ ಕಾಮೆಂಟ್ರಿಯೋರಿಗೆ ಹೊಡೆದೋನು ಯಾವನಲೇ?" ಅಂತ ಒಂದು ಕಡೆಯವರು ಎದ್ದರು.

"ನಾವ್ಯಾಕೆ ಹೊಡೀಲಿ? ನೀವೇ ಹೊಡೆದು ನಮ್ಮ ಮೇಲೆ ಹಾಕ್ತೀರೇನು?" ಅಂತ ಇನ್ನೊಂದು ಕಡೆಯವರು ಎದ್ದರು.

ಕುರ್ಚಿಗಳು ಹಾರತೊಡಗಿದವು. ನಾನು ಮೈಕಿನಲ್ಲಿ, "ಅಣ್ಣಂದಿರಾ, ಇದು ಪಾಕ, ಸಕ್ಕರೆ ಪಾಕ, ನೆಕ್ಕಿ ಬೇಕಾದ್ರೆ ನೋಡ್ರಿ!" ಅಂತ ಕೂಗಿ, ಬೆರಳಲ್ಲಿ ತೆಗೆದು ನಾನೇ ನೆಕ್ಕಿ ತೋರಿಸಿದೆ. ಆಗ ನಗು ಎದ್ದಿತು, ಜಗಳ ಕೂತಿತು. ಹಾಲೇಶಪ್ಪ ಮೇಷ್ಟ್ರು ಮಾತ್ರ ನಗಲಿಲ್ಲ. "ಹೋಗಿ ಮುಖ ತೊಳ್ಕೊಂಡು ಬಾ. ಅಲ್ಲೀದನ್ನ ಇಲ್ಲಿಗೆ ಹೊತ್ಕೊಂಡು ಬರಬ್ಯಾಡ" ಅಂದರು. ಮುಖ ತೊಳೆದುಕೊಂಡೆ. ಹೊತ್ತು ತರುವುದನ್ನು ಮಾತ್ರ ಬಿಡಲಿಲ್ಲ.

ಯಾಕೆಂದರೆ ಜನಕ್ಕೆ ಅದೇ ಬೇಕಾಗಿತ್ತು. ಮೊದಲು ಗಳಕ್ಕೆ ಕಟ್ಟಿದ ಹಾರ್ನ್ ಸ್ಪೀಕರ್ ಇತ್ತು, ಮೈದಾನದಲ್ಲಿದ್ದವರಿಗಷ್ಟೇ ನನ್ನ ದನಿ. ಆಮೇಲೆ ಕೇಬಲ್ ಟೀವಿಯವರು ಬಂದರು. ಅವರು ಪಂದ್ಯ ಚಿತ್ರಿಸಿಕೊಂಡು ಹೋಗಿ, ಮರುದಿನ ನನ್ನನ್ನು ಸಣ್ಣ ಕೋಣೆಯಲ್ಲಿ ಕೂರಿಸಿ, ಗೆದ್ದವರು ಯಾರು ಅಂತ ಗೊತ್ತಿದ್ದೂ ಗೊತ್ತಿಲ್ಲದವನಂತೆ ಕಾಮೆಂಟ್ರಿ ಹೇಳಿಸುತ್ತಿದ್ದರು. ಸಿನಿಮಾದಲ್ಲಿ ಕಲಿತ ನಟನೆ ಅಲ್ಲಿ ಕೆಲಸಕ್ಕೆ ಬಂತು. ಕೊನೆಗೆ ಮೊಬೈಲ್ ಲೈವ್ ಬಂತು. ನಾನು ಮಾತಾಡುತ್ತಿರುವಾಗಲೇ ದುಬೈಯಲ್ಲಿರುವವನು ಬರೆಯುತ್ತಾನೆ, "ಚಮನಣ್ಣ, ಒಂದು ಡೈಲಾಗ್ ಬಿಡಣ್ಣ." ಮುಂದೆ ಒಂದು ಫೋನ್ ಇಟ್ಟುಕೊಂಡು ಅದನ್ನೆಲ್ಲ ಓದುತ್ತಾ ಉತ್ತರ ಕೊಡುತ್ತಾ ಹೇಳಬೇಕು. ಚೀಟಿಗಳ ಕಾಲದಲ್ಲಿ ಮಾಡಿದ ತಪ್ಪನ್ನೇ ಫೋನಿನ ಕಾಲದಲ್ಲೂ ಮಾಡುತ್ತಿದ್ದೆ. ಆದರೆ ಈಗ ಚಿವುಟುವವರು ಇರಲಿಲ್ಲ. ಮೇಷ್ಟ್ರು ತೀರಿಕೊಂಡಿದ್ದರು.

ಇನ್ನೊಂದು ಚಟ ಹತ್ತಿತ್ತು. ಕಬಡ್ಡಿಯಲ್ಲಿ ಮುಂದಿರುವ ತಂಡದವರು ಕೊನೆಯ ನಿಮಿಷಗಳಲ್ಲಿ ಪೆಟ್ಟಾದವರಂತೆ ಬಿದ್ದುಕೊಂಡು ಹೊತ್ತು ಕಳೆಯುವುದುಂಟು. ಬೀಳುವುದೇ ಕಸುಬಾದವನ ಕಣ್ಣಿಗೆ ಅದು ಮರೆಯಾಗುತ್ತದೆಯೇ? ಯಾರಾದರೂ ಹಾಗೆ ಬಿದ್ದರೆ ಮೈಕಿನಲ್ಲಿ, "ತಮ್ಮಾ, ಟೇಕ್ ಓಕೆ ಆಗಿಲ್ಲ, ಇನ್ನೊಂದು ಸಲ ಬೀಳು" ಅನ್ನುತ್ತಿದ್ದೆ. ಜನ ಬಿದ್ದು ಬಿದ್ದು ನಗುತ್ತಿದ್ದರು, ಅವನು ನಾಚಿಕೊಂಡು ಏಳುತ್ತಿದ್ದ. ಹತ್ತರಲ್ಲಿ ಹತ್ತೂ ಸರಿ ಹೇಳುತ್ತಿದ್ದೆ. ಅಂಪೈರ್‌ಗಳು ಸಹ ಯಾರಾದರೂ ಬಿದ್ದರೆ ಮೊದಲು ನನ್ನ ಮುಖ ನೋಡುವಷ್ಟು ಆಗಿತ್ತು. ನನಗೆ ಅದರಿಂದ ಸೊಕ್ಕು ಬಂದಿತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಆರು ವರ್ಷದ ಹಿಂದೆ, ಜಗಳೂರು. ಸಂಜೆ ನಾಲ್ಕರ ಬಿಸಿಲು, ಫೈನಲ್. ಸೊಕ್ಕೆ ಊರಿನ ತಂಡ ಎರಡು ಅಂಕ ಮುಂದಿತ್ತು, ಇನ್ನು ಎರಡೇ ನಿಮಿಷ ಬಾಕಿ. ಸೊಕ್ಕೆಯ ರೈಡರ್ ತಿಪ್ಪೇಶ ಅಂತ, ಇಪ್ಪತ್ತೆರಡರ ಹುಡುಗ, ಕೋಲಿನಂಥ ಕಾಲು, ಗಾಳಿಯಂಥ ಓಟ. ಇನ್ನು ಹದಿನೈದು ದಿನಕ್ಕೆ ಸರ್ಕಾರಿ ಇಲಾಖೆಯೊಂದರ ಕ್ರೀಡಾ ಕೋಟಾದಲ್ಲಿ ಅವನ ಆಯ್ಕೆಯ ಆಟ ಇತ್ತು. ಅದನ್ನು ಅವತ್ತು ಮೈಕಿನಲ್ಲಿ ನಾನೇ ಹೆಮ್ಮೆಯಿಂದ ಮೂರು ಸಲ ಹೇಳಿದ್ದೆ.

ತಿಪ್ಪೇಶ ರೈಡಿಗೆ ಹೋದ. ನಾನು ಫೋನ್ ನೋಡುತ್ತಿದ್ದೆ. ಯಾರೋ ನನ್ನ ಹಳೆಯ ಪಿಕ್ಚರಿನ ಮಾತೊಂದನ್ನು ಹೇಳಿ ಅಂತ ಬರೆದಿದ್ದರು. ತಲೆ ಎತ್ತಿದಾಗ ತಿಪ್ಪೇಶ ಅಂಕ ತಂದು ತನ್ನ ಅಂಗಳದಲ್ಲಿ ಅಂಗಾತ ಬಿದ್ದಿದ್ದ. ಗದ್ದ ಎದೆಗೆ, ಕೈ ಎರಡೂ ಬಿಚ್ಚಿ. ಡೇವಿಡ್ ಮಾಸ್ಟರು ಕಲಿಸಿದ ಹಾಗೇ! ಮುಂದಿರುವ ತಂಡ, ಕೊನೆಯ ನಿಮಿಷ. ಅವನು ಬಿದ್ದದ್ದನ್ನು ನಾನು ನೋಡಿರಲಿಲ್ಲ, ಮಲಗಿದ್ದನ್ನಷ್ಟೇ ನೋಡಿದ್ದೆ.

"ತಿಪ್ಪೇಶಾ, ಕಟ್ ಅಂದಾಯ್ತು, ಏಳಪ್ಪಾ! ಬೀಳಾದು ನಮಗೇ ಕಲಿಸ್ತೀಯಾ? ನಾನು ಇದರಾಗೇ ಅನ್ನ ತಿಂದೋನು!"

ಮೈದಾನ ನಕ್ಕಿತು, ಶಿಳ್ಳೆ ಹೊಡೆಯಿತು. ಗಡಿಯಾರ ನಿಲ್ಲಿಸಲು ಕೈ ಎತ್ತಿದ್ದ ಅಂಪೈರು ನನ್ನ ಕಡೆ ನೋಡಿ, ತಾವೂ ನಕ್ಕು, ಕೈ ಇಳಿಸಿ, ಏಳು ಅಂತ ಸನ್ನೆ ಮಾಡಿದರು. ತಿಪ್ಪೇಶ ಒಂದು ಸಲ ವೇದಿಕೆಯ ಕಡೆ ನೋಡಿದ. ಮೊಣಕೈ ಊರಿ ಎದ್ದ. ಎದುರಾಳಿಗಳ ಸರದಿಯಲ್ಲಿ ಮೂಲೆಯಲ್ಲಿ ನಿಂತಿದ್ದ. ಮತ್ತೆ ಅವನ ಸರದಿ ಬಂತು, ಹೋದ. ಎದುರಾಳಿಯ ಅಂಗಳದಲ್ಲಿ ನಾಲ್ಕು ಹೆಜ್ಜೆ ಇಟ್ಟು ಎಡಕ್ಕೆ ತಿರುಗಿದ, ಅಲ್ಲೇ ಕುಸಿದ. ಯಾರೂ ಅವನನ್ನು ಮುಟ್ಟಿರಲಿಲ್ಲ. ಈ ಸಲ ನೋಡುತ್ತಿದ್ದೆ. ಮೊಣಕಾಲು ಹೋಗಬಾರದ ಕಡೆ ಹೋಯಿತು. ಅವನು ಕೂಗಿದ ಕೂಗು ನನ್ನ ಮೈಕಿನೊಳಗೂ ಬಂತು.

ದಾವಣಗೆರೆಯಲ್ಲಿ ತೋರಿಸಿದರು. ಮೊಣಕಾಲಿನೊಳಗಿನ ಲಿಗಮೆಂಟು ಪೂರ್ತಿ ಹರಿದಿದೆ ಅಂದರು. ಮೊದಲ ಸಲ ಬಿದ್ದಾಗ ಅರ್ಧ ಹರಿದಿರಬಹುದು, ಆಗಲೇ ಎತ್ತಿಕೊಂಡು ಬಂದಿದ್ದರೆ ಕಥೆ ಬೇರೆ ಇರುತ್ತಿತ್ತು ಅಂತ ಡಾಕ್ಟರು ಹೇಳಿದರಂತೆ. ಬಿದ್ದವನು ಎದ್ದು ಆಡಿದ್ದಕ್ಕೆ ಹೀಗಾಯಿತು ಅಂತ. ಆಯ್ಕೆಯ ದಿನ ಅವನು ಆಸ್ಪತ್ರೆಯ ಮಂಚದ ಮೇಲಿದ್ದ. ಮತ್ತೆ ಆಡಲಿಲ್ಲ. ಈಗ ಊರಲ್ಲೇ ಬೋರ್‌ವೆಲ್ ಮೋಟಾರು ರಿಪೇರಿ ಮಾಡುತ್ತಾನೆ, ಒಂದು ಕಾಲು ಎಳೆದು ನಡೆಯುತ್ತಾನೆ.

ನನ್ನನ್ನು ಯಾರೂ ಏನೂ ಅನ್ನಲಿಲ್ಲ. ಅದೇ ಕಷ್ಟವಾಯಿತು. ಅಂದಿದ್ದರೆ ನಾನೂ ನಾಲ್ಕು ಮಾತು ಅಂದು ಜಗಳ ಮಾಡಿ ಹಗುರಾಗುತ್ತಿದ್ದೆನೋ ಏನೋ. ಯಾರೋ ಪುಣ್ಯಾತ್ಮರು ನನ್ನ ಆ ಮಾತನ್ನಷ್ಟೇ ಕತ್ತರಿಸಿ, ನಗುವ ಗೊಂಬೆಗಳನ್ನು ಅಂಟಿಸಿ ಹರಿಯಬಿಟ್ಟಿದ್ದರು. ಅದು ನನ್ನ ಫೋನಿಗೇ ಹತ್ತು ಸಲ ಬಂತು. ಅದರಲ್ಲಿ ತಿಪ್ಪೇಶ ಏಳುವವರೆಗೆ ಮಾತ್ರ ಇತ್ತು.

ಪೂರ್ತಿ ಪಂದ್ಯದ ವಿಡಿಯೋ ತರಿಸಿಕೊಂಡು ನೋಡಿದೆ. ಅವನು ಮೊದಲ ಸಲ ಬಿದ್ದದ್ದು ಅದರಲ್ಲಿತ್ತು. ಎದುರಾಳಿ ಕಣಕಾಲು ಹಿಡಿದದ್ದು, ತಿಪ್ಪೇಶ ತಿರುಚಿಕೊಂಡು ಬಿಡಿಸಿಕೊಂಡದ್ದು, ಮೊಣಕಾಲು ಒಳಕ್ಕೆ ಬಾಗಿದ್ದು, ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಕಣ್ಣಿದ್ದ ಯಾರಾದರೂ ಹೇಳಬಹುದಿತ್ತು. ಆಮೇಲೆ ಎರಡು ವರ್ಷ ಮೈಕ್ ಹಿಡಿದೆ, ಕರೆದವರಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಆದರೆ ಮುಂದೆ ಫೋನ್ ಇಡಿಸಲಿಲ್ಲ, ಆಟಗಾರ ಬಿದ್ದರೆ ಮೈಕಿನ ಸ್ವಿಚ್ ಆರಿಸಿಬಿಡುತ್ತಿದ್ದೆ. "ಚಮನಣ್ಣ ಮೊದಲಿನಂಗಿಲ್ಲ, ಸಪ್ಪೆ ಆದ" ಅಂದರು. ಸಪ್ಪೆಯಾಗಿದ್ದು ಒಳ್ಳೆಯದೇ. ಹುಡುಗರಾ, ನೀವು ಬೇರೇನು ಮರೆತರೂ ಸರಿ, ಆ ಸ್ವಿಚ್ ಎಲ್ಲಿದೆ ಅಂತ ಮೊದಲು ನೋಡಿಟ್ಟುಕೊಳ್ಳಿ.

ಸೊಕ್ಕೆಗೆ ಹೋದದ್ದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಐದು ತಿಂಗಳು ಹೋಗಲಿಲ್ಲ. ನಾಳೆ, ನಾಡಿದ್ದು, ಶೂಟಿಂಗ್ ಮುಗಿದ ಮೇಲೆ ಅಂತ ನೆಪ ಹೇಳುತ್ತಿದ್ದೆ. ಮಹಬೂಬಿಗೆ ಸಿಟ್ಟು ಬಂದರೆ ಮನೆಯ ಉರ್ದು ಬಿಟ್ಟು ಕನ್ನಡಕ್ಕೆ ಬರುತ್ತಾಳೆ, ಅಕ್ಕಪಕ್ಕದವರಿಗೂ ಕೇಳಲಿ ಅಂತ. "ಬೆಟ್ಟದ ಮ್ಯಾಲಿಂದ ಬೀಳಾಕೆ ಹೆದರಲ್ಲ, ಸೊಕ್ಕೆ ಬಸ್ ಹತ್ತಾಕೆ ಹೆದರ್ತೀರಲ್ರೀ! ಎಂಥ ಗಂಡಸು ನೀವು?" ಅಂದಳು. ಮರುದಿನ ಬೆಳಿಗ್ಗೆ ಬಸ್ ಹತ್ತಿದೆ.

ತಿಪ್ಪೇಶ ಮನೆಯ ಮುಂದಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. "ಬಾ ಚಮನಣ್ಣ" ಅಂದ, ಏನೂ ಆಗದವನಂತೆ. ಅವನ ತಾಯಿ ಓಬಮ್ಮ ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದರು. ನನ್ನ ಮುಖ ಕಂಡು ಕೈ ನಿಲ್ಲಿಸಿದರು.

"ಅಯ್ಯೋ ಶಿವನೇ, ಇವರು ಟೀವಿ ಪಿಕ್ಚರ್‌ನೋರಲ್ಲೇನೋ? ಕುಂದರ್ರಿ, ಕುಂದರ್ರಿ. ಅಲ್ರೀ, ಆಪಾಟಿ ಹೊಡೀತಾರಲ್ಲ ನಿಮಗೆ, ನೋವಾಗಾಕಿಲ್ವೇನ್ರೀ?"

"ಇಲ್ಲಮ್ಮ, ಅದೆಲ್ಲ ಸುಳ್ಳು. ಕೆಳಗೆ ಹಾಸಿಗೆ ಹಾಕಿರ್ತಾರೆ."

"ಸುಳ್ಳೋ ನಿಜವೋ, ನೀವು ಬಿದ್ರೆ ನಾನು ಆಕಡೆ ಮುಖ ಮಾಡ್ಕೊಂಡ್ಬಿಡ್ತೀನಪ್ಪ. ಇವರನ್ನೂ ಒಬ್ಬಳು ಹೆತ್ತಿರ್ತಾಳಲ್ಲ ಅನ್ನಿಸ್ತೈತೆ."

ಆಕೆಗೆ ನಾನು ಸಿನಿಮಾದವನು ಅಂತ ಮಾತ್ರ ಗೊತ್ತಿತ್ತು. ಮೈಕಿನ ವಿಷಯ ಮಗ ಹೇಳಿರಲಿಲ್ಲ, ಆಟದಲ್ಲಿ ಜಾರಿ ಬಿದ್ದೆ ಅಂತ ಮಾತ್ರ ಹೇಳಿದ್ದ. ನಾನು ಬಾಯಿ ತೆರೆಯುವುದು ನೋಡಿ ಅವನು ತಲೆ ಅಲ್ಲಾಡಿಸಿದ. "ಬ್ಯಾಡ ಬಿಡಣ್ಣ, ಆಗಿದ್ದು ಆಗೋಯ್ತು" ಅಂದ.

ನಾನು ಬಿಡಲಿಲ್ಲ. ಫೋನ್ ನೋಡುತ್ತಿದ್ದದ್ದು, ಅವನು ಬಿದ್ದದ್ದನ್ನು ಕಾಣದೆಯೇ ನಾಟಕ ಅಂದದ್ದು, ಏಳಪ್ಪಾ ಅಂತ ಕೂಗಿದ್ದು, ಮೈದಾನ ನಕ್ಕಿದ್ದು, ಡಾಕ್ಟರು ಅಂದದ್ದು, ಒಂದೂ ಬಿಡದೆ ಹೇಳಿದೆ. ತಪ್ಪಾಯಿತು ತಾಯಿ ಅಂದೆ. ಆಕೆ ಬೈಯಲಿ ಅಂತ ಕಾದೆ.

ಓಬಮ್ಮ ಬೈಯಲಿಲ್ಲ. ಮಡಿಲಲ್ಲಿದ್ದ ಶೇಂಗಾ ಸಿಪ್ಪೆಯನ್ನು ಕೊಡವಿದರು. ಆಮೇಲೆ ತಲೆ ಎತ್ತಿ, ನನ್ನನ್ನಲ್ಲ, ಮಗನ ಕಾಲನ್ನು ನೋಡಿದರು.

"ದಿನಾ ಬೆಳಿಗ್ಗೆ ಹತ್ತು ಸಲ ಕೂಗ್ತಿದ್ದೆ ಕಣ್ರೀ ಇವನ್ನ. ಏಳೋ ತಿಪ್ಪೇಶಾ, ಹೊತ್ತೇರ್ತು ಏಳೋ ಅಂತ. ಒಂದಿನಾನೂ ನನ್ನ ಮಾತಿಗೆ ಎದ್ದೋನಲ್ಲ. ನೀವು ಒಂದೇ ಸಲ ಅಂದಿದ್ದಕ್ಕೆ ಎದ್ದುಬಿಟ್ನಾ?"

"ಹೌದಮ್ಮ" ಅಂದೆ. "ಎದ್ದ."